ಬರಫಿನ ಪಾಳಿ

ಪರ್ಸಿಗುಣಿ,
ಶೋಭಕೃತು ಸಂವತ್ಸರ, ಮುಚ್ಚುಮಾಸದ ಮೂವತ್ತನಾಲ್ಕನೆಯ ದಿನ, ಹೊತ್ತು ನೆತ್ತಿಯಿಂದ ಜಾರಿದ ಮೇಲೆ.

ಸ್ಟೇಷನ್ ರೋಡಿನ ಬರಫ ಕಾರ್ಖಾನೆಯ ಮಾಲೀಕ ಮಾಪಣ್ಣಜ್ಜನಿಗೆ, ಅವನ ಮರಿಮಗನ ಮಗಳು ದೌಲಮ್ಮ ಮಾಡುವ ಶರಣಾರ್ಥಿ.

ಮೇಲಿನ ತಾರೀಖನ್ನು ನಿನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡ. ಅಂಥ ಹೆಸರಿನ ತಿಂಗಳು ನಿನ್ನ ಕಾಲದಲ್ಲಿ ಇಲ್ಲ. ಮೂವತ್ತನಾಲ್ಕು ದಿನದ ತಿಂಗಳಂತೂ ಯಾವ ಪಂಚಾಂಗದಲ್ಲೂ ಇರಲಿಲ್ಲ. ವೈಶಾಖ ಮುಗಿದು ಜ್ಯೇಷ್ಠ ಹುಟ್ಟುವ ನಡುವೆ ಬಂದು ಕೂರುವ ಈ ಕಾಲಕ್ಕೆ ನಾವು ಮುಚ್ಚುಮಾಸ ಎನ್ನುತ್ತೇವೆ. ಅಂಗಡಿ, ಶಾಲೆ, ಕೋರ್ಟು, ಗಣಿ, ಎಲ್ಲದರ ಬಾಗಿಲು ಹಗಲಲ್ಲಿ ಮುಚ್ಚುವ ಮಾಸ. ಮಳೆ ಬಿದ್ದರೆ ಮುಗಿಯಿತು, ಬೀಳದಿದ್ದರೆ ಇಲ್ಲ, ಅಷ್ಟೇ ಅದರ ಲೆಕ್ಕ. ನನ್ನ ಮಾತಿನಲ್ಲಿ ನಿನಗೆ ಗೊತ್ತಿಲ್ಲದ ಪದ ಬಂದರೆ ಹೊಟ್ಟೆಗೆ ಹಾಕಿಕೊ, ಬಂದಲ್ಲೇ ಅರ್ಥ ಹೇಳುತ್ತಾ ಹೋಗುತ್ತೇನೆ. ಇನ್ನೊಂದು ಮಾತು, ನಿನ್ನನ್ನು ಏಕವಚನದಲ್ಲಿ ಕರೆಯುತ್ತೇನೆ. ಸಂಬಂಧದಲ್ಲಿ ನೀನು ಅಜ್ಜನಿಗೂ ಅಜ್ಜ, ಒಪ್ಪಿದೆ. ಆದರೆ ಈ ಪತ್ರ ಮುಟ್ಟುವಾಗ ನೀನು ನಲವತ್ತರ ಗಂಡಸು, ನಾನು ಅರವತ್ತು ದಾಟಿದ ಮುದುಕಿ. ಬೈಯಬೇಕಾದಾಗ ಬಹುವಚನ ಬಾಯಿಗೆ ಅಡ್ಡ ಬರುತ್ತದೆ, ಇವತ್ತು ನಿನ್ನನ್ನು ಬೈಯುವುದಿದೆ.

ನನ್ನ ಮಗ ಜಟ್ಟೆಪ್ಪನ ಹೆಣದ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಅವನ ತಲೆಯನ್ನು ಕಲ್ಲೊಡೆಯುವ ಸುತ್ತಿಗೆಯಿಂದ ಒಡೆದರು. ಅದೇ ಗಲಾಟೆಯಲ್ಲಿ ಕಾರ್ಖಾನೆಯ ಕೊಳವೆ ಹರಿದು ಅಮೋನಿಯಾ ಸುರಿಯಿತು. ಬರಫದ ಕೋಣೆಯ ಮುಂದೆ ಆ ವಿಷದ ಗಾಳಿ ಇನ್ನೂ ನಿಂತಿದೆ, ಅದು ತೊಲಗುವ ತನಕ ಯಾರೂ ಅತ್ತ ಕಾಲಿಡುವಂತಿಲ್ಲ. ಒಳಗಿರುವ ಗಡ್ಡೆಗಳೇ ಈ ಊರಿನ ಕಟ್ಟಕಡೆಯ ಬರಫ. ಯಂತ್ರ ಸತ್ತಿದೆ, ಹೊಸದು ಆಗುವುದಿಲ್ಲ. ಕೋಣೆಯ ಬೀಗದಕೈ ನನ್ನ ಸೊಂಟದಲ್ಲಿದೆ. ಅಂಗಳದ ಒಂದು ಬದಿಗೆ ಹೆಣಗಳನ್ನು ಇಟ್ಟಿದ್ದಾರೆ, ಇನ್ನೊಂದು ಬದಿಗೆ ಮೈ ಕಾದು ಎಚ್ಚರ ತಪ್ಪಿದ ಜೀವಂತ ಮಂದಿ ಬಿದ್ದಿದ್ದಾರೆ. ನೀನು ಹಾಕಿದ ಕಟ್ಟಳೆಯ ಪ್ರಕಾರ ಬರಫ ಹೆಣಗಳಿಗೆ ಹೋಗಬೇಕು, ಅದರಲ್ಲೂ ಮೊದಲ ಗಡ್ಡೆ ನನ್ನ ಮಗನಿಗೆ. ಬಾಗಿಲು ತೆಗೆದಾಗ ನಾನು ಎತ್ತ ತಿರುಗಬೇಕು ಎಂಬುದಷ್ಟೇ ಈಗ ಉಳಿದಿರುವ ಪ್ರಶ್ನೆ. ಗಾಳಿ ತಿಳಿಯಾಗುವ ತನಕ ಬೇರೆ ಕೆಲಸವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇದು ನಿನಗೆ ಮುಟ್ಟುವುದು ಹೇಗೆ ಎಂದು ಕೇಳುತ್ತೀ. ನಮ್ಮ ಗಣಿಯ ತಳದಲ್ಲಿ ಆಳ ಕಾಣದ ಒಂದು ಹೊಂಡವಿದೆ. ಮೇಣಬಟ್ಟೆಯಲ್ಲಿ ಸುತ್ತಿ, ಕಲ್ಲು ಕಟ್ಟಿ ಅದರಲ್ಲಿ ಬಿಟ್ಟ ಕಾಗದ ಹಿಂದಿನ ಕಾಲದವರ ಕೈಗೆ ಸಿಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ, ಅದಕ್ಕೆ ಹಿಂಟಪಾಲು, ಅಂದರೆ ಹಿಂದಕ್ಕೆ ಹೋಗುವ ಟಪಾಲು, ಎನ್ನುತ್ತಾರೆ. ಓದಿದವರು ನಗುತ್ತಾರೆ. ನಗುವವರೂ ವರ್ಷಕ್ಕೊಮ್ಮೆ ಯಾರಿಗೂ ಕಾಣದಂತೆ ಹೋಗಿ ಒಂದು ಕಾಗದ ಬಿಟ್ಟು ಬರುತ್ತಾರೆ. ನಾನು ಇದುವರೆಗೆ ಬಿಟ್ಟಿರಲಿಲ್ಲ.

ನೀವು ಶಹಾಬಾದ್ ಕಲ್ಲು ಎಂದು ಕರೆದು ದೇಶದ ತುಂಬ ನೆಲಕ್ಕೆ ಹಾಸಿದಿರಲ್ಲ, ಆ ಪರ್ಸಿಯನ್ನು ಅಗೆದು ಬಿಟ್ಟುಹೋದ ಗುಂಡಿಗಳಲ್ಲೇ ನಾವು ಊರು ಕಟ್ಟಿಕೊಂಡಿದ್ದೇವೆ. ಮೇಲೆ ಊರಿಲ್ಲ, ಬರೀ ಗಾಳಿಯಂತ್ರ ಮತ್ತು ಬಿಸಿಲಿನ ಹಾಸು. ಮನೆಗಳನ್ನು ಬಂಡೆಯ ಗೋಡೆಯೊಳಗೆ ಕೊರೆದಿದ್ದೇವೆ, ಬಜಾರು ಗಣಿಯ ಎರಡನೆಯ ಮೆಟ್ಟಿಲಲ್ಲಿದೆ, ಶಾಲೆ ಅದರ ಕೆಳಗೆ. ಸೂರ್ಯ ಇಳಿದ ಮೇಲೆ ಅಂಗಡಿ ತೆರೆಯುತ್ತದೆ, ಬೆಳ್ಳಿ ಮೂಡುವ ಹೊತ್ತಿಗೆ ಮುಚ್ಚುತ್ತದೆ. ಪಾಲಿಶ್ ಕಾರ್ಖಾನೆಯವರು ಹಗಲಿನ ಪಾಳಿಯನ್ನು ನನ್ನ ಅಜ್ಜಿಯ ಕಾಲದಲ್ಲೇ ಕೈಬಿಟ್ಟರು. ‘ಬೆವರು ನಿಂತರೆ ಕೆಲಸ ನಿಂತಿತು’ ಎಂಬುದು ಪ್ರತಿ ಗಣಿಯ ಕಾಯಿದೆ. ಕೂಲಿಯವನ ಹಣೆ ಒಣಗಿದ್ದು ಕಂಡರೆ ಮೇಸ್ತ್ರಿ ಸೀಟಿ ಊದಲೇಬೇಕು, ಊದದ ಮೇಸ್ತ್ರಿಗೆ ಮರುದಿನದಿಂದ ಈ ಗುಣಿಯಲ್ಲಿ ಯಾರೂ ಕೆಲಸ ಕೊಡುವುದಿಲ್ಲ. ಪ್ರತಿ ಅಂಗಡಿಯ ಮುಂದೆ ಒಂದು ತಂಪುಕಟ್ಟೆ ಇರಬೇಕು, ಅಂದರೆ ಒದ್ದೆ ಗೋಣಿಯ ಪರದೆ ಕಟ್ಟಿದ, ದಾರಿಹೋಕನೂ ಕೂರಬಹುದಾದ ಕಲ್ಲುಬೆಂಚು. ಕಟ್ಟೆ ಇಲ್ಲದ ಅಂಗಡಿಯ ಮೆಟ್ಟಿಲು ಹತ್ತಲು ಗಿರಾಕಿಗಳು ಹೆದರುತ್ತಾರೆ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವುದು ಮುಸ್ಸಂಜೆಗೆ ಮಾತ್ರ. ಇದೆಲ್ಲ ಕೇಳಿ ನಮ್ಮನ್ನು ಬಹಳ ಜಾಣರೆಂದು ತಿಳಿಯಬೇಡ, ಒಂದೊಂದು ಕಾಯಿದೆಯ ಹಿಂದೆಯೂ ಒಂದು ಸಾಲು ಗೋರಿ ಇದೆ.

ನಿಮ್ಮ ಕಾಲದ ವ್ಯಾಪಾರಿಗಳೂ ಸುಮ್ಮನೆ ಕೂತಿರಲಿಲ್ಲ, ಹಿರಿಯರು ಹೇಳುತ್ತಿದ್ದರು. ಬಿಸಿಲು ಏರಿದಂತೆ ತಗಡಿಗೆ ಸುಣ್ಣ ಹಚ್ಚಿದಿರಿ, ಜನರೇಟರು ತಂದಿರಿ, ಅಂಗಡಿಯ ಮುಂದೆ ಹಸಿರು ಬಲೆ ಕಟ್ಟಿ ಮಣ್ಣಿನ ಹರವಿಯಲ್ಲಿ ಕುಡಿಯುವ ನೀರು ಇಟ್ಟು ಪುಣ್ಯ ಕಟ್ಟಿಕೊಂಡಿರಿ. ಹೋಟೆಲಿನವನು ಫ್ಯಾನು ಹೆಚ್ಚಿಸಿದ, ಹಾಲಿನವನು ಡಬ್ಬಿ ಬದಲಿಸಿದ, ನೀನು ಎರಡನೆಯ ಯಂತ್ರ ಹಾಕಿಸಿದೆ. ಸರಕು ಹೆಚ್ಚು ಮಾಡುವುದು ಹೇಗೆಂದು ಎಲ್ಲರೂ ಯೋಚಿಸಿದಿರಿ. ಸರಕು ಸಾಲದ ದಿನ ಬಂದರೆ ಪಾಳಿಯಲ್ಲಿ ಮೊದಲು ಯಾರು, ಎರಡನೆಯವರು ಯಾರು ಎಂದು ಒಬ್ಬರೂ ಕೂತು ಮಾತಾಡಲಿಲ್ಲ. ಪಾಳಿಯ ಮಾತೆತ್ತಿದವನು ನೀನೊಬ್ಬನೇ. ನೀನು ತಪ್ಪು ಪಾಳಿ ಬರೆದಿಟ್ಟು ಹೋದೆ.

ನೀನು ಆ ಪಾಳಿ ಬರೆದ ಹಲಗೆಯ ಕಥೆ ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಮೇ ತಿಂಗಳಲ್ಲಿ ನಿನ್ನ ತಾಯಿ ತೀರಿಕೊಂಡಳು. ನೀನಾಗ ಬೇರೆಯವರ ಕಾರ್ಖಾನೆಯಲ್ಲಿ ಗಡ್ಡೆ ಎಳೆಯುವ ಆಳು. ತಂಗಿ ಬರುವ ತನಕ ಹೆಣಕ್ಕೆ ಒಂದು ಗಡ್ಡೆ ಕೇಳಿದೆ, ಮಾಲೀಕ ಮದುವೆ ಮನೆಯ ಶರಬತ್ತಿಗೆ ಹೇಳಿಯಾಗಿದೆ ಎಂದ. ತಂಗಿ ಬಂದಾಗ ತಾಯಿಯ ಮುಖ ನೋಡುವಂತೆ ಇರಲಿಲ್ಲ. ಆ ಸಿಟ್ಟಿಗೆ ನೀನು ನಿನ್ನದೇ ಕಾರ್ಖಾನೆ ಹಾಕಿದ ದಿನ ಬಾಗಿಲಿಗೆ ಹಲಗೆ ಹೊಡೆದೆ: ‘ಹೆಣಕ್ಕೆ ಮೊದಲು. ದುಡ್ಡು ಕೇಳುವುದಿಲ್ಲ.’ ತಾಯಿಯ ಮೇಲೆ ಆಣೆ ಇಟ್ಟು, ಮಕ್ಕಳಿಂದಲೂ ಇಡಿಸಿದೆ. ನಿನ್ನ ಸಿಟ್ಟು ನ್ಯಾಯದ್ದೇ. ನಿನ್ನ ಕಾಲದಲ್ಲಿ ಬದುಕಿರುವವರಿಗೆ ಬರಫ ಬೇಕಾಗಿದ್ದು ಗೋಲಿಸೋಡಾಕ್ಕೆ, ಮೀನಿಗೆ, ಕಬ್ಬಿನ ಹಾಲಿಗೆ. ಶರಬತ್ತಿನ ಮುಂದೆ ಹೆಣ ದೊಡ್ಡದು, ಯಾರು ಇಲ್ಲ ಎನ್ನುತ್ತಾರೆ? ಆದರೆ ಹಲಗೆಗೆ ಕಾಲ ತಿಳಿಯುವುದಿಲ್ಲ. ಅದು ನಿನ್ನ ಬಾಗಿಲಿನಿಂದ ನಿನ್ನ ಮಗನ ಬಾಗಿಲಿಗೆ, ಅಲ್ಲಿಂದ ಈ ಗುಣಿಗೆ ಬಂತು, ದೇವರ ಹಾಗೆ ಅದಕ್ಕೆ ಕುಂಕುಮ ಹಚ್ಚುವುದೂ ಶುರುವಾಯಿತು.

ಅದರ ಜೊತೆಗೆ ನಮ್ಮ ಸೀಮೆಯ ಇನ್ನೊಂದು ರೂಢಿ ನಿನಗೆ ಗೊತ್ತೇ ಇದೆ. ಮಗಳೋ ತಂಗಿಯೋ, ಮನೆಯ ಹೆಣ್ಣುಮಗಳು ಬಂದು ಸತ್ತವರ ಮಾರಿ ನೋಡುವ, ಕೊನೆಯ ಸಲ ಮುಖ ಕಾಣುವ ತನಕ ಹೆಣ ಎತ್ತುವಂತಿಲ್ಲ. ನಿನ್ನ ಕಾಲದಲ್ಲಿ ಮಗಳು ಸಂಜೆಯೊಳಗೆ ಬರುತ್ತಿದ್ದಳು. ಮುಚ್ಚುಮಾಸದಲ್ಲಿ ಹಗಲು ರೈಲು ಓಡುವುದಿಲ್ಲ, ಹಳಿ ಕಾದು ಸೊಟ್ಟಗಾಗುತ್ತದೆ. ರಸ್ತೆಯ ಡಾಂಬರು ಚಕ್ರಕ್ಕೆ ಹತ್ತುತ್ತದೆ. ಮಗಳು ಬರುವುದು ಎರಡು ದಿನಕ್ಕೋ ಮೂರು ದಿನಕ್ಕೋ, ಅಷ್ಟೂ ದಿನ ಹೆಣ ಬರಫ ತಿನ್ನುತ್ತಲೇ ಇರುತ್ತದೆ. ಹಿಂದಿನ ವರ್ಷಗಳಲ್ಲಿ ಹೇಗೋ ನಿಭಾಯಿಸಿದೆವು. ಈ ವರ್ಷ ಹಸಿಸೆಕೆ ಬಂತು. ಹಸಿಸೆಕೆ ಎಂದರೆ ಮಳೆ ಬಾರದೆ ಮೋಡ ಮಾತ್ರ ಬಂದು ನಿಲ್ಲುವುದು. ಗಾಳಿಯಲ್ಲಿ ನೀರು ತುಂಬಿ ಮೈಯ ಬೆವರು ಆರುವುದೇ ಇಲ್ಲ. ನೆರಳಲ್ಲಿ ಕೂತವನೂ ಒಳಗಿಂದ ಬೇಯುತ್ತಾನೆ, ಮಾತು ತೊದಲುತ್ತದೆ, ನಗುತ್ತಾನೆ, ಬೀಳುತ್ತಾನೆ. ಅಂಥವನ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಬರಫ ಇಟ್ಟರೆ ಅರ್ಧ ತಾಸಿನಲ್ಲಿ ಕಣ್ಣು ಬಿಡುತ್ತಾನೆ, ಇಡದಿದ್ದರೆ ಬಿಡುವುದಿಲ್ಲ. ಇದು ಊರಿನ ಪ್ರತಿ ಕೂಸಿಗೂ ಗೊತ್ತು. ಗೊತ್ತಿದ್ದೂ ಜೀವಂತ ಇರುವವರನ್ನು ಹೆಣಗಳ ಹಿಂದೆ ಪಾಳಿಯಲ್ಲಿ ಮಲಗಿಸಿದೆವು. ಹಿಂದೆ ಮಲಗಿದವರು ಸತ್ತ ಕೂಡಲೆ ಮುಂದಿನ ಸಾಲಿಗೆ ಬಂದು ಬರಫ ಪಡೆಯುತ್ತಿದ್ದರು. ನಮಗೆ ಅದು ಹುಚ್ಚುತನ ಎಂದು ಅನಿಸಲಿಲ್ಲ ಅಜ್ಜಾ, ಅದು ಮರ್ಯಾದೆ ಎಂದೇ ಅನಿಸಿತ್ತು. ಇದ್ದಾಗ ಗಂಜಿ ಇಲ್ಲ, ಸತ್ತಾಗ ಹೋಳಿಗೆ ಎಂದು ಬೇರೆಯವರನ್ನು ಆಡಿಕೊಳ್ಳುವ ಮಂದಿ ನಾವು.

ಮೊನ್ನೆ ನಮಗೆ ಕರೆಂಟು ಕೊಡುವ ಗಾಳಿಯಂತ್ರದ ತಂತಿ ಹರಿಯಿತು. ಬರಫದ ಎರಡು ಯಂತ್ರಗಳಲ್ಲಿ ಒಂದು ನಿಂತಿತು, ಬರಫ ಅರ್ಧಕ್ಕೆ ಇಳಿಯಿತು. ಇವತ್ತು ಬೆಳಗಾಗುವಾಗಲೇ ಅಂಗಳ ತುಂಬಿತ್ತು. ಬಾಗಿಲಲ್ಲಿ ಜಟ್ಟೆಪ್ಪ ಕೊಕ್ಕೆ ಹಿಡಿದು ನಿಂತು ಒಂದೊಂದೇ ಗಡ್ಡೆ ಎಳೆದು ಕೊಡುತ್ತಿದ್ದ, ನಾನು ಒಳಗೆ ಯಂತ್ರದ ಬಳಿ ಇದ್ದೆ. ಅವನು ಒರಟ, ನನ್ನ ಹಾಗೆಯೇ ಮಾತು ಖಾರ. ಪಾಳಿ ಮುರಿಯುವವರನ್ನು ಕೊಕ್ಕೆಯ ಹಿಡಿಯಿಂದ ತಿವಿದು ಹಿಂದೆ ಕಳಿಸುತ್ತಿದ್ದ. ಆಗ ಸಾಬವ್ವ ಬಂದಳು, ಪಾಲಿಶ್ ಕಾರ್ಖಾನೆಯಲ್ಲಿ ಕಲ್ಲು ತಿಕ್ಕುವವಳು. ತೋಳಿನಲ್ಲಿ ಐದಾರು ವರ್ಷದ ಮಗ, ಮೈಗೆ ಬಿಳಿ ಬಟ್ಟೆ ಸುತ್ತಿ, ಗದ್ದಕ್ಕೆ ಪಟ್ಟಿ ಕಟ್ಟಿ, ಹಣೆಗೆ ವಿಭೂತಿ ಬಳಿದಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಕಣ್ಣೀರು ಬತ್ತಿದ ತಾಯಂದಿರನ್ನು ನಾವು ಈ ವಾರ ಬಹಳ ನೋಡಿದ್ದೆವು, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ಜಟ್ಟೆಪ್ಪ ಗಡ್ಡೆ ಎಳೆದು ಹಾಕಿದ, ಅವಳು ಕೂಸನ್ನು ಅದರ ಮೇಲೆ ಮಲಗಿಸಿ ತಾನೂ ಮೇಲೆ ಬಾಗಿದಳು. ಸ್ವಲ್ಪ ಹೊತ್ತಿಗೆ ಆ ಬಟ್ಟೆಯೊಳಗಿಂದ ಒಂದು ಸಣ್ಣ ದನಿ ಬಂತು, ‘ಯವ್ವಾ, ಥಂಡಿ ಹತ್ಯಾದ.’

ಅಂಗಳದಲ್ಲಿ ಅಷ್ಟೂ ಮಂದಿಗೆ ಆ ಮಾತು ಕೇಳಿತು. ಮುಚ್ಚುಮಾಸದಲ್ಲಿ ಥಂಡಿ ಎಂಬ ಮಾತನ್ನು ಯಾರ ಬಾಯಲ್ಲೂ ಕೇಳಿರದ ಮಂದಿ. ಹಿಂದಿನ ಸಾಲಿನವರು ಎದ್ದರು. ತಮ್ಮವರನ್ನು ರಟ್ಟೆ ಹಿಡಿದು, ಕಾಲು ಹಿಡಿದು, ಹೆಣಗಳ ಮೇಲೆಯೇ ಎಳೆದುಕೊಂಡು ಮುಂದಕ್ಕೆ ನುಗ್ಗಿದರು. ಮುಂದಿನ ಸಾಲಿನವರು ತಮ್ಮ ಹೆಣಗಳಿಗೆ ಅಡ್ಡ ನಿಂತು ಹಾರೆಯಿಂದ ಬಾರಿಸಿದರು. ಒಬ್ಬ ಹೆಂಗಸು ತನ್ನ ಸತ್ತ ಗಂಡನ ಅಡಿಯಿಂದ ಗಡ್ಡೆ ಕಿತ್ತವಳ ಕೈಬೆರಳುಗಳನ್ನು ಪರ್ಸಿಯ ಚಪ್ಪಡಿಯಿಂದ ಜಜ್ಜಿದಳು. ಬರಫದ ಚೂರಿಗಾಗಿ ಅಣ್ಣ ತಮ್ಮಂದಿರು ಒಬ್ಬರ ಕೊರಳಿಗೆ ಒಬ್ಬರು ಕೈ ಹಾಕಿದರು. ಬಿದ್ದವರನ್ನು ತುಳಿದರು, ತುಳಿಸಿಕೊಂಡವರಲ್ಲಿ ಸತ್ತವರು ಯಾರು, ಬದುಕಿದವರು ಯಾರು ಎಂದು ಯಾರೂ ನೋಡಲಿಲ್ಲ. ನೆಲದ ಮೇಲೆ ಕರಗಿದ ನೀರು ಕೆಂಪಾಗಿ ಹರಿಯಿತು. ಕೆಲವರು ಬಗ್ಗಿ ಅದನ್ನೇ ನೆಕ್ಕಿದರು, ಈ ಕಣ್ಣಿನಿಂದಲೇ ನೋಡಿದೆ.

ಸಾಬವ್ವನ ಮುಂದೆ ಬಂದು ನಿಂತವನು ಬಂದಗೆಪ್ಪ. ಮೂರನೆಯ ಗಣಿಯ ಮೇಸ್ತ್ರಿ, ಕೆಟ್ಟವನಲ್ಲ. ಕೂಲಿಯವರ ಹಣೆ ನೋಡಿ ಸೀಟಿ ಊದುವುದರಲ್ಲಿ ಅವನಷ್ಟು ಚುರುಕು ಯಾರೂ ಇರಲಿಲ್ಲ. ಅವನ ಅಪ್ಪ ನಿನ್ನೆ ಸತ್ತಿದ್ದ, ಅಕ್ಕ ಇನ್ನೂ ಬಂದಿರಲಿಲ್ಲ, ಪಾಳಿಯಲ್ಲಿ ಮುಂದಿನ ಗಡ್ಡೆ ಅವನ ಅಪ್ಪನದು. ‘ಅದು ನಮ್ಮಪ್ಪನ ಬರಫ. ಕೂಸಿನ್ನ ಇಳಸು’ ಎಂದ. ಸಾಬವ್ವ ಮಗನ ಮೇಲೆ ಬೋರಲು ಬಿದ್ದಳು. ಜಟ್ಟೆಪ್ಪ ನಡುವೆ ಬಂದ. ಅದೇ ನನ್ನ ಮಗ, ಹಲಗೆಗೆ ದಿನಾ ಕೈ ಮುಗಿದು ಬಾಗಿಲು ತೆರೆಯುತ್ತಿದ್ದವನು, ಕೊಕ್ಕೆಯನ್ನು ಅಡ್ಡ ಹಿಡಿದು, ‘ಬಂದಗೆಪ್ಪಾ, ಕೂಸು ಜೀವಂತ ಅದ. ನಿಮ್ಮಪ್ಪ ಎಲ್ಲಿಗೂ ಹೋಗಲ್ಲ, ಕಾಯ್ತಾನ’ ಎಂದ. ಆ ಮಾತು ಸರಿಯಾದದ್ದೇ, ಆದರೆ ಆಡಿದ ರೀತಿ ಇತ್ತಲ್ಲ, ಖಾರ. ಹೆಣದ ಮುಂದೆ ಹಾಗೆ ಆಡಿದರೆ ಯಾವ ಮಗನ ರಕ್ತ ಸುಮ್ಮನಿರುತ್ತದೆ? ಬಂದಗೆಪ್ಪ ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಜಟ್ಟೆಪ್ಪ ಮೊಣಕಾಲೂರಿದ, ಎರಡನೆಯದಕ್ಕೆ ಮಲಗಿದ. ಮೂರನೆಯ ಏಟು ಯಾರಿಗೆ ಎತ್ತಿದನೋ ತಿಳಿಯದು, ಯಾರೋ ಅವನನ್ನು ಹಿಂದಿನಿಂದ ಎಳೆದರು, ಸುತ್ತಿಗೆ ಬಾಗಿಲ ಪಕ್ಕದ ಕೊಳವೆಗೆ ಬಿತ್ತು.

ಅಮೋನಿಯಾ ನಿನಗೆ ಗೊತ್ತು, ಬರಫದವರ ಮನೆಯವನು ನೀನು. ದ್ರವವಾಗಿ ಚಿಮ್ಮಿದ್ದು ಬಿಳಿ ಮಂಜಾಗಿ ನೆಲ ಹಿಡಿದು ಹರಡಿತು. ಬಂದಗೆಪ್ಪನ ಮುಖಕ್ಕೆ ನೇರ ಹೊಡೆಯಿತು. ಅವನು ಸುತ್ತಿಗೆ ಬಿಸಾಡಿ ಎರಡೂ ಕೈಯಿಂದ ಕಣ್ಣು ಕಿತ್ತುಕೊಳ್ಳುವವನಂತೆ ಉಜ್ಜುತ್ತಾ ಗೂಳಿಯ ಹಾಗೆ ಕೂಗಿದ. ಕಾಲಿದ್ದವರು ಓಡಿದರು. ಎಚ್ಚರವಿಲ್ಲದೆ ನೆಲದಲ್ಲಿ ಬಿದ್ದಿದ್ದವರಲ್ಲಿ ಬಹಳ ಮಂದಿ ಮಲಗಿದಲ್ಲೇ ಉಸಿರು ಕಟ್ಟಿ ಸತ್ತರು. ನಾನು ಒದ್ದೆ ಗೋಣಿಯನ್ನು ತಲೆಗೆ ಸುತ್ತಿಕೊಂಡು ಕುರುಡು ಕೈಯಿಂದ ತಡಕಾಡಿ ದೊಡ್ಡ ವಾಲ್ವು ತಿರುವಿದೆ, ಆಮೇಲೆ ಆ ವಿಷ ನೀರಿನಲ್ಲಿ ಕರಗಲೆಂದು ತೊಟ್ಟಿಯ ಬಾಯಿ ತೆರೆದು ಬಿಟ್ಟೆ. ಎಡಗೈಯ ಚರ್ಮ ಹಿಮಗಟ್ಟಿದ ವಾಲ್ವಿಗೇ ಅಂಟಿ ಉಳಿಯಿತು. ಹೊರಗೆ ಬಂದಾಗ ಸಾಬವ್ವ ಮಗನನ್ನು ಹೆಗಲಿಗೆ ಹಾಕಿಕೊಂಡು ಮೇಲಿನ ಮೆಟ್ಟಿಲಲ್ಲಿದ್ದಳು, ಇಬ್ಬರೂ ಬದುಕಿದ್ದಾರೆ. ಜಟ್ಟೆಪ್ಪ ಬಾಗಿಲಲ್ಲೇ ಬಿದ್ದಿದ್ದ. ಅವನನ್ನು ನಾನೇ ಎಳೆದುಕೊಂಡು ಬಂದೆ. ಆಮೇಲೆ ಅತ್ತದ್ದನ್ನು, ಬಿಡು, ಬರೆಯುವುದಿಲ್ಲ.

ಈಗ ನನ್ನ ನಾದಿನಿ ಕಲ್ಲವ್ವ ಎದುರಿಗೆ ಕೂತು ಬಿಟ್ಟೂಬಿಡದೆ ಒಂದೇ ಮಾತು ಆಡುತ್ತಿದ್ದಾಳೆ. ನನ್ನ ಮಗಳು ಮಹಾನಂದಾ ಭೀಮಾ ದಂಡೆಯ ಜಂಕ್ಷನ್ನಿನಲ್ಲಿ ಇರುತ್ತಾಳೆ, ಬೆಳಿಗ್ಗೆಯೇ ಸುದ್ದಿ ಮುಟ್ಟಿದೆ. ‘ಮಾನಂದಿ ಬರೋತನಾ ಅಣ್ಣನ ಮಾರಿ ಉಳಿಬೇಕು. ಬಾಗಲಾ ಕಾಯ್ಕೊಂತ ಸತ್ತಾನ ಅಂವ, ಅವಂಗ ಒಂದು ಗಡ್ಡಿ ಕೊಡಲಿಲ್ಲಂದ್ರ ನೀ ತಾಯಿ ಹೌದೇನು’ ಎನ್ನುತ್ತಾಳೆ. ಬೇರೆ ಹೆಣಗಳ ಮನೆಯವರೂ ಅವಳ ಹಿಂದೆ ಬಂದು ಕೂತಿದ್ದಾರೆ. ಜಟ್ಟೆಪ್ಪನಿಗೆ ಕೊಟ್ಟರೆ ಅವರವರ ಹೆಣಗಳಿಗೂ ಕೊಡಬೇಕಾಗುತ್ತದೆ, ಅದು ಅವರಿಗೆ ಗೊತ್ತು, ನನಗೂ ಗೊತ್ತು. ಆಚೆ ಬದಿಯವರು ಏನೂ ಕೇಳುತ್ತಿಲ್ಲ, ಅವರಿಗೆ ಕೇಳುವ ಶಕ್ತಿ ಇಲ್ಲ. ನನ್ನ ಮಗನ ಮುಖ ಅರ್ಧ ಹಾಳಾಗಿದೆ, ಇನ್ನರ್ಧ ಚೆನ್ನಾಗಿದೆ. ಆ ಅರ್ಧವನ್ನಾದರೂ ಅವನ ತಂಗಿ ನೋಡಲಿ ಎಂದು ತಲೆಯನ್ನು ಆ ಮಗ್ಗುಲಿಗೆ ತಿರುಗಿಸಿ ಇಟ್ಟಿದ್ದೇನೆ. ಗಾಳಿ ತಿಳಿಯಾಯಿತು ಎಂದು ಕೂಗುತ್ತಿದ್ದಾರೆ. ಕಾಗದ ಮಡಚಿ ಏಳುತ್ತೇನೆ.

ಮತ್ತೆ ಬರೆಯುತ್ತಿದ್ದೇನೆ, ಹೊತ್ತು ಮುಳುಗುತ್ತಿದೆ. ಬಾಗಿಲು ತೆಗೆದೆ. ಮೊದಲ ಗಡ್ಡೆಯನ್ನು ಕೊಕ್ಕೆ ಹಾಕಿ ಎಳೆದುಕೊಂಡು ಬಂದು ಮಗನ ಮುಂದೆ ನಿಂತೆ. ಕಲ್ಲವ್ವ ಹೆಣದ ಬಟ್ಟೆ ಸರಿಸಿ ಜಾಗ ಮಾಡಿದಳು. ನಾನು ನಿಲ್ಲದೆ ದಾಟಿ ಹೋದೆ. ಹಿಂದಿನಿಂದ ಅವಳು ಎಸೆದ ಕಲ್ಲು ಬೆನ್ನಿಗೆ ಬಿತ್ತು, ಇನ್ನೊಬ್ಬರದು ತಲೆಗೆ. ತಿರುಗಿ ಕೊಕ್ಕೆ ಎತ್ತಿ, ‘ನನ್ನ ಮಗನಿಗೇ ಇಲ್ಲ, ನಿಮ್ಮವ್ರಿಗೆ ಎಲ್ಲಿಂದ ತರ್ಲಿ’ ಎಂದೆ. ಅದರ ಮೇಲೆ ಯಾರೂ ಕಲ್ಲು ಎಸೆಯಲಿಲ್ಲ. ಹಾರೆಯಿಂದ ಗಡ್ಡೆ ಒಡೆದು, ಬಟ್ಟೆಯಲ್ಲಿ ಕಟ್ಟಿ, ಬಿದ್ದವರ ಕುತ್ತಿಗೆಗೆ, ಕಂಕುಳಿಗೆ ಇಡುತ್ತಾ ಹೋದೆ. ಸಾಬವ್ವ ಮೇಲಿನಿಂದ ಇಳಿದು ಬಂದು ಕೈಜೋಡಿಸಿದಳು, ಆಮೇಲೆ ಉಳಿದವರೂ ಬಂದರು. ಕೆಲವರು ಕಣ್ಣು ಬಿಟ್ಟರು. ಕೆಲವರಿಗೆ ತಡವಾಗಿತ್ತು.

ಸಾಲಿನ ಕೊನೆಯಲ್ಲಿ ಬಂದಗೆಪ್ಪ ಬಿದ್ದಿದ್ದ. ಕಣ್ಣು ಎರಡೂ ಬೆಂದು ಮುಚ್ಚಿವೆ, ಮೈ ಕಾದ ಹಂಚು. ಯಾರೂ ಅವನನ್ನು ಮುಟ್ಟುತ್ತಿರಲಿಲ್ಲ, ನಾನು ಏನು ಮಾಡುತ್ತೇನೆಂದು ನೋಡುತ್ತಿದ್ದರು. ನಾನು ದೇವತೆಯಲ್ಲ ಅಜ್ಜಾ, ಅವನ ಕುತ್ತಿಗೆಯ ಮೇಲೆ ಕಾಲಿಡಬೇಕೆಂದು ನನ್ನ ಕಾಲು ತವಕಪಟ್ಟಿತು. ಕೂತು, ಇದ್ದುದರಲ್ಲಿ ದೊಡ್ಡ ಚೂರನ್ನು ಅವನ ಎದೆಗೆ ಕಟ್ಟಿ, ಕಿವಿಯಲ್ಲಿ ಹೇಳಿದೆ, ‘ಸಾಯಬ್ಯಾಡ ಮಗನ. ಪಂಚರ ಮುಂದ ನಿನ್ನ ನಿಲ್ಲಸ್ತೀನಿ, ಅಲ್ಲೀತನಾ ನೀ ಬದುಕಬೇಕು.’ ಅವನಿಗೆ ದನಿಯ ಗುರುತು ಹತ್ತಿತು. ‘ಎವ್ವಾ’ ಎಂದ, ಅಷ್ಟೇ. ಆ ಚೂರೇ ಕೊನೆಯದು, ಕೋಣೆ ಖಾಲಿಯಾಯಿತು.

ಜಟ್ಟೆಪ್ಪನನ್ನು ಇಟ್ಟುಕೊಳ್ಳುವಂತಿರಲಿಲ್ಲ, ಈ ಸೆಕೆಯಲ್ಲಿ ಹೆಣ ಬೇಗ ಉಬ್ಬುತ್ತದೆ. ಗಣಿಯ ಮಣ್ಣುದಿಬ್ಬದ ನೆರಳಿನಲ್ಲಿ ಗುಂಡಿ ತೆಗೆಸಿ, ಕೂರಿಸಿ ಮಣ್ಣು ಕೊಟ್ಟೆವು. ತಂಗಿ ಮಾರಿ ನೋಡದೆ ಮಣ್ಣಾದ ಮೊದಲ ಹೆಣ ನಮ್ಮ ಮನೆಯದು. ಕಲ್ಲವ್ವ ಬರಲಿಲ್ಲ. ನಾನು ಹಲಗೆಯನ್ನು ಕಿತ್ತು ಗುಂಡಿಗೆ ಹಾಕಬೇಕೆಂದಿದ್ದೆ, ಹಾಕಲಿಲ್ಲ, ಅದು ನಿನ್ನ ಕೈಯಿಂದಲೇ ಆಗಬೇಕಾದ ಕೆಲಸ. ‘ಹೆಣಕ್ಕೆ ಮೊದಲು’ ಎಂಬುದನ್ನು ಅಳಿಸಿ ‘ಜೀವಕ್ಕೆ ಮೊದಲು’ ಎಂದು ಬರೆ ಎಂದು ಕೇಳಿಕೊಂಡು ಈ ಪತ್ರ ಮುಗಿಸುವವಳಿದ್ದೆ.

ಆದರೆ ಈಗ ಗುಣಿಯ ಅಂಚಿನಿಂದ ಮಹಾನಂದಾಳನ್ನು ಹೊತ್ತು ತಂದರು. ರೈಲು ಇಲ್ಲವೆಂದು ಆ ಹುಡುಗಿ ಸುದ್ದಿ ಮುಟ್ಟಿದ ಗಳಿಗೆಯಿಂದ ಹಳಿಯ ಗುಂಟ ಬಿಸಿಲಲ್ಲಿ ನಡೆದು ಬಂದಿದ್ದಾಳೆ. ಅಣ್ಣನ ಮಾರಿ ನೋಡಲು. ಮೈ ಒಣಗಿದೆ, ಮಾತು ತೊದಲುತ್ತಿದೆ, ನನ್ನನ್ನು ನೋಡಿ ನಗುತ್ತಿದ್ದಾಳೆ. ಆ ನಗೆ ಯಾವುದೆಂದು ನಿನಗೆ ಮೇಲೆಯೇ ಹೇಳಿದ್ದೇನೆ.

ನಾನು ಹೋಗಿ ಬಂದಗೆಪ್ಪನ ಎದೆಯ ಗಂಟು ಬಿಚ್ಚಿದೆ. ಚೂರು ಇನ್ನೂ ಮುಷ್ಟಿಯಷ್ಟು ಇತ್ತು. ಅವನು ಕುರುಡು ಕೈಯಿಂದ ನನ್ನ ಮಣಿಕಟ್ಟು ಹಿಡಿದು, ‘ಯಾಕವ್ವ, ಯಾಕ ತಗೀಲಾಕತ್ತಿ?’ ಎಂದು ಕೇಳಿದ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಮಗಳ ಕುತ್ತಿಗೆಗೆ ಅದನ್ನು ಕಟ್ಟಿ, ಅವಳ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳ ಹಣೆಯ ಮೇಲೆ ಬೆವರಿನ ಹನಿ ಮೂಡಿದೆ. ಆಚೆ ಕಡೆ ಬಂದಗೆಪ್ಪ ಆಗಲೇ ಕೇಳಿದ್ದನ್ನೇ ಕೇಳುತ್ತಿದ್ದ, ಈಗ ದನಿ ನಿಂತಿದೆ. ಎದ್ದು ಹೋಗಿ ನೋಡುವ ಧೈರ್ಯ ನನಗಿಲ್ಲ.

ಹಾಗಾಗಿ ಹಲಗೆಯ ಮೇಲೆ ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ ಅಜ್ಜಾ, ನನಗೆ ತಿಳಿಯದು. ನಿನ್ನ ಊರು ಇನ್ನೂ ತಂಪಾಗಿದೆ, ಮಂದಿಗೆ ತಾಳ್ಮೆ ಇದೆ, ಸುತ್ತಿಗೆಗಳು ಗಣಿಯಲ್ಲೇ ಇವೆ. ಸ್ಟೇಷನ್ ರೋಡಿನ ವ್ಯಾಪಾರಿಗಳನ್ನೆಲ್ಲ ಕರೆ, ಬರಫದವರು, ನೀರಿನವರು, ಔಷಧದವರು, ಜನರೇಟರಿನವರು, ಎಲ್ಲರೂ ಕೂತು ಜಗಳಾಡಿ ಪಾಳಿ ಗೊತ್ತು ಮಾಡಿ. ಬೀಗದಕೈಯನ್ನು ಒಬ್ಬರ ಸೊಂಟಕ್ಕೆ ಕಟ್ಟಬೇಡಿ. ಅದರಲ್ಲೂ ತಾಯಿಯಾದವಳ ಕೈಗೆ ಕೊಡಬೇಡಿ.